ಮೊದಲ ಪಂಕ್ತಿಯ ಪುಷ್ಪಮ್ಮ

ಯಾವೂರು ಎಂದು ಯಾರಾದರೂ ಕೇಳಿದರೆ ವೆಂಕಟಾಚಲ ಮೊದಲು ಕೇಳಿದವರ ಮುಖ ನೋಡಿ, ಆಮೇಲೆ ಊರು ಹೇಳುತ್ತಿದ್ದ. ಭದ್ರಾವತಿಯ ಶಾಲೆಯಲ್ಲಿ ಅವನು ತಮಿಳರ ಹುಡುಗ. ಧರ್ಮಪುರಿ ಕಡೆಯ ನೆಂಟರಿಗೆ ಕನ್ನಡದವನು. ಶಿವಮೊಗ್ಗದ ಸೈಕಲ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಅವನಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಎರಡೂ ಭಾಷೆಯಲ್ಲಿ ಸಮನಾಗಿ ತಪ್ಪು ಮಾತಾಡುತ್ತಿದ್ದ.

ಅವನ ತಾಯಿ ಪುಷ್ಪಮ್ಮನಿಗೆ ಮಾತ್ರ ಊರಿನ ಬಗ್ಗೆ ಅನುಮಾನವಿರಲಿಲ್ಲ. ಹದಿನಾರಕ್ಕೆ ತನ್ನದೇ ಹಳ್ಳಿಯ ಸೋದರತ್ತೆ ಮಗನನ್ನು ಮದುವೆಯಾಗಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅವನಿಗೆ ಸಿಕ್ಕ ಕೆಲಸದ ಹಿಂದೆ ಧರ್ಮಪುರಿ ಕಡೆಯಿಂದ ಬಂದವಳು. ಗಂಡ ಫರ್ನೇಸಿನ ಮುಂದೆ ಬೆಂದು, ರಿಟೈರಾಗಿ, ತೀರಿಕೊಂಡ. ಓಲ್ಡ್ ಟೌನಿನ ಬಾಡಿಗೆ ಮನೆಯಲ್ಲಿ ತಲೆ ನರೆತರೂ ಅವಳ ಬಾಯಲ್ಲಿ 'ನಮ್ಮೂರು' ಅಂದರೆ ಆ ಹಳ್ಳಿಯೇ.

೨೦೦೨ರಲ್ಲಿ ಮೊಮ್ಮಗಳು ಕವನಳ ಮೊದಲ ಮುಡಿ ಕೊಡಲು ಆ ಹಳ್ಳಿಯ ಕುಲದೇವತೆಯ ಗುಡಿಗೆ ಹೋದರು. ಗುರುತಿದ್ದ ಹಿರಿಯರೆಲ್ಲ ತೀರಿಹೋಗಿದ್ದರು. ಆದರೂ ಊಟದ ಹೊತ್ತಿಗೆ ದಾಯಾದಿಗಳು ಓಡಿಬಂದು, ಕೈಹಿಡಿದು, ಮೊದಲ ಪಂಕ್ತಿಯ ಮೊದಲ ಎಲೆಗೇ ಕೂರಿಸಿದರು. ವೆಂಕಟಾಚಲ ಉಬ್ಬಿಹೋದ. ಸೈಕಲ್ ಅಂಗಡಿಯವನಿಗೆ ಇಂಥ ಮರ್ಯಾದೆ! ಎರಡನೇ ಸಲ ಪಾಯಸ ಹಾಕಿಸಿಕೊಂಡು ಪಕ್ಕಕ್ಕೆ ನೋಡಿದರೆ, ಅಮ್ಮ ಅನ್ನ ಮುಟ್ಟಿರಲಿಲ್ಲ.

"ಯಾಕಮ್ಮ?"

ಅಲ್ಲಿಯವರಿಗೆ ತಿಳಿಯದಿರಲೆಂದು ಅವಳು ಕನ್ನಡದಲ್ಲಿ ಗದರಿದಳು. "ಮೊದ್ಲು ಕೂರ್ಸೋದು ಯಾರನ್ನೋ, ದಡ್ಡ? ನೆಂಟರನ್ನ. ಮನೆಯವ್ರು ಬಡಿಸ್ತಾರೆ, ಕೊನೇಲಿ ಉಣ್ತಾರೆ."

ಎದ್ದವಳೇ ಸೆರಗು ಸಿಕ್ಕಿಸಿ ಸಾಂಬಾರಿನ ಬಕೆಟ್ಟಿಗೆ ಕೈ ಹಾಕಿದಳು. ಬಡಿಸುತ್ತಿದ್ದ ಹುಡುಗಿ ನಕ್ಕು ಬಕೆಟ್ಟನ್ನು ಹಿಂದಕ್ಕೆಳೆದುಕೊಂಡಳು. ಅಷ್ಟು ದೂರದಿಂದ ಬಂದಿದ್ದೀರಿ, ಕೂತ್ಕೊಳ್ಳಿ ಎಂದು ತಮಿಳಿನಲ್ಲಿ ಬಹಳ ಗೌರವದಿಂದ ಹೇಳಿದಳು. ಪುಷ್ಪಮ್ಮ ಕೂತಳು.

ಮರುವಾರ ಎದುರುಮನೆ ಹಾಲಮ್ಮನ ಮಗಳ ಸೀಮಂತ. ಗೋಡೆಗೊರಗಿ ಸುಮ್ಮನೆ ಕೂತಿದ್ದ ಪುಷ್ಪಮ್ಮ ಹಾಲಮ್ಮನ ಕಣ್ಣಿಗೆ ಬಿದ್ದಳು.

"ಏನೇ ಮಾರಾಯ್ತಿ, ಬೀಗ್ತಿ ಥರ ಕೂತ್ಬಿಟ್ಟೆ? ಕೋಸಂಬರಿ ಬಡಿಸೋಕೆ ನಿಮ್ಮಪ್ಪ ಬರ್ತಾನಾ? ಏಳು!"

ಪುಷ್ಪಮ್ಮ ಎದ್ದಳು. ಪಂಕ್ತಿ ಮೇಲೆ ಪಂಕ್ತಿ ಬಡಿಸಿದಳು. ಉಪ್ಪು ಕಮ್ಮಿ ಎಂದ ಗಂಡಸರಿಗೆ ಬೈದಳು. ಎಲ್ಲರದ್ದೂ ಮುಗಿದ ಮೇಲೆ ಅಡುಗೆಮನೆಯ ಹೆಂಗಸರ ಜೊತೆ ಊಟಕ್ಕೆ ಕೂತಳು. ಇಲ್ಲೂ ಮೊದಲ ಪಂಕ್ತಿಯಲ್ಲೇ ಉಂಡು ಮುಗಿಸಿದ್ದ ವೆಂಕಟಾಚಲ ಬಂದು ಬಾಗಿಲಲ್ಲಿ ನಿಂತ.

"ಈಗ ಸಮಾಧಾನ ಆಯ್ತಾ ಅಮ್ಮ?"

"ಹ್ಞೂ." ಅವಳು ಅನ್ನ ಕಲೆಸುತ್ತ ಕಲೆಸುತ್ತ ಕೈ ನಿಲ್ಲಿಸಿದಳು. "ಅಲ್ಲೂ ಒಂದೇ ಒಂದು ಸಲ ಹೀಗೆ ಕೊನೇಲಿ ಉಣ್ಬೇಕಿತ್ತು ಕಣೋ."