ಮುನಿಶಾಮಣ್ಣನ ಅಂಗಡಿಯಲ್ಲಿ ಇವತ್ತು ನೆಟ್‌ವರ್ಕ್ ಇರಲಿಲ್ಲ

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಹೊಸಕೋಟೆಯ ನಮ್ಮ ಬೀದಿಯ ಹಾಲಿನಂಗಡಿಯಲ್ಲಿ ಎಷ್ಟು ಒದ್ದಾಡಿದರೂ ಫೋನಿನಿಂದ ದುಡ್ಡು ಹೋಗಲಿಲ್ಲ. "ನೆಟ್‌ವರ್ಕ್ ಇಲ್ಲ ಅಣ್ಣಾ, ನೋಟೇ ತಗೊಳ್ಳಿ" ಎಂದು ಪರ್ಸಿನಲ್ಲಿದ್ದ ಐವತ್ತರ ನೋಟನ್ನು ಮುನಿಶಾಮಣ್ಣನ ಕೈಗಿಟ್ಟೆ.

ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ನೋಟಿನ ಜೊತೆ ನನ್ನ ಬೆರಳುಗಳನ್ನೂ ಹಿಡಿದುಕೊಂಡರು.

"ಮಂಜುಳಾ ಅಲ್ವೇನಮ್ಮಾ? ನಿನ್ ದನಿ ಕೇಳಿ ಎಷ್ಟ್ ದಿನ ಆಯ್ತು! ಅಮ್ಮ ಹೆಂಗವ್ರೆ?"

ಅಮ್ಮ ತೀರಿಕೊಂಡು ಎಂಟು ತಿಂಗಳಾಗಿದೆ. ಹಾಲಿಗೆ ಅವಳೇ ಬರುತ್ತಿದ್ದಾಗ ಇಬ್ಬರೂ ಅರ್ಧ ಗಂಟೆ ಹರಟುತ್ತಿದ್ದರು. ಅವಳು ಹೋದ ಮೇಲೆ ದಿನವೂ ನಾನೇ ಬರುತ್ತೇನೆ. ಹೊರಗಿನ ಕ್ರೇಟಿನಿಂದ ಪ್ಯಾಕೆಟ್ ಎತ್ತಿಕೊಂಡು ಸ್ಕ್ಯಾನ್ ಮಾಡುತ್ತೇನೆ. ದುಡ್ಡು ಬಂತೆಂದು ಸ್ಪೀಕರ್ ಪೆಟ್ಟಿಗೆ ಕೂಗಿದ ಕೂಡಲೇ ಹೊರಟುಬಿಡುತ್ತೇನೆ. ಒಂದು ದಿನವೂ ಅವರನ್ನು ಮಾತನಾಡಿಸಿಲ್ಲ.

"ಅಮ್ಮ ಹೋಗ್ಬಿಟ್ರು ಅಣ್ಣಾ" ಎಂದೆ.

ಅವರು ಹಿಡಿದುಕೊಂಡಿದ್ದ ನನ್ನ ಕೈ ಬಿಡಲಿಲ್ಲ.

"ಒಂದ್ ಮಾತು ಯಾರೂ ಹೇಳ್ಲಿಲ್ವಲ್ಲಮ್ಮಾ. ಮಣ್ಣಿಗಾದ್ರೂ ಬರ್ತಿದ್ದೆ. ಮನೆ ಖಾಲಿ ಮಾಡ್ಕೊಂಡು ಎಲ್ಲೋ ಹೊಂಟೋಗವ್ರೆ, ನಂಗೊಂದ್ ಮಾತೂ ಹೇಳ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡಿದ್ದೆ."

ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ನೀನ್ ಯಾವಾಗ್ ಬಂದೆ ಊರಿಗೆ?" ಎಂದು ಕೇಳಿದರು.

ದಿನಾ ಬೆಳಿಗ್ಗೆ ನಿಮ್ಮ ಮುಂದೆಯೇ ನಿಂತಿರುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ.

"ಇವತ್ತೇ ಬಂದೆ ಅಣ್ಣಾ" ಎಂದೆ.

ಪೂರ್ತಿ ಸುಳ್ಳೇನಲ್ಲ ಬಿಡಿ.