ಒಳಗೆ ಬಿಟ್ಟ ಬಟ್ಟೆ

ಬೀದಿಯವರಿಗೆಲ್ಲ ನನ್ನ ಅಕ್ಕ ಟೇಪಕ್ಕ. ಅಳತೆ ಟೇಪು ಅವಳ ಕೊರಳಿನಿಂದ ಇಳಿಯುವುದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ; ಊಟಕ್ಕೆ ಕೂತಾಗ ಅದರ ತುದಿ ತಟ್ಟೆಗೆ ಬೀಳುತ್ತದೆ. ಬಸ್ ನಿಲ್ದಾಣದ ಹಿಂದೆ ಅವಳ ಟೈಲರ್ ಅಂಗಡಿ. ಎರಡು ಮಷೀನು, ಕತ್ತರಿಸುವ ಮೇಜು, ಪರದೆ ಎಳೆದರೆ ಅಳತೆ ಕೊಡುವ ಮೂಲೆ, ಅಷ್ಟೆ. ಮದುವೆಯಾಗದ ನಾನು ಅವಳ ಮನೆಯಲ್ಲೇ ಇದ್ದೇನೆ. ಎರಡನೆಯ ಮಷೀನಿನ ಮುಂದೆ ಕೂತು ಕಾಜಾ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ, ಅಕ್ಕನ ಮೇಲೆ ರೇಗುತ್ತೇನೆ. ಕೊನೆಯ ಕೆಲಸವೇ ಜಾಸ್ತಿ.

ಅವಳದೊಂದು ಪದ್ಧತಿ. ಯಾವ ಬಟ್ಟೆ ಹೊಲಿದರೂ ಪಕ್ಕದ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾಳೆ. ಗಿರಾಕಿ ದಪ್ಪಗಾದರೆ ಹಳೆಯ ಹೊಲಿಗೆ ಬಿಚ್ಚಿ, ಸ್ವಲ್ಪ ಹೊರಗೆ ಹೊಸದು ಹಾಕಿದರಾಯಿತು. "ಮನುಷ್ಯರು ಉಬ್ತಾರೆ, ಇಳೀತಾರೆ. ಪಾಪ, ಬಟ್ಟೆ ಏನು ತಪ್ಪು ಮಾಡ್ತು?" ಅನ್ನುತ್ತಾಳೆ. ಗಿರಾಕಿಗಳು ಇದಕ್ಕೇ ಅವಳನ್ನು ಬಿಟ್ಟು ಹೋಗುವುದಿಲ್ಲ. ತನ್ನ ಸ್ಕರ್ಟುಗಳಿಗಂತೂ ಇನ್ನೂ ಹೆಚ್ಚು ಬಿಟ್ಟುಕೊಳ್ಳುತ್ತಿದ್ದಳು. ಈ ಒಳ್ಳೆಯ ಬುದ್ಧಿಯೇ ಅವಳ ಜೀವಕ್ಕೆ ಕುತ್ತಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಶಾಲೆಗಳು ತೆರೆಯುವ ಕಾಲ ಹತ್ತಿರ ಬಂದಿತ್ತು. ಮೇಜಿನ ಮೇಲೆ ಯೂನಿಫಾರಂ ರಾಶಿ. ಅಕ್ಕ ಎರಡು ತುತ್ತು ತಿಂದು "ಹೊಟ್ಟೆ ತುಂಬಿತು" ಅಂತ ತಟ್ಟೆ ಸರಿಸುವುದು, ಒಂದು ತೋಳು ಜೋಡಿಸುವಷ್ಟರಲ್ಲಿ ಮತ್ತೆ ಬಚ್ಚಲಿಗೆ ಓಡುವುದು ಶುರುವಾಯಿತು. ಕೈಕಾಲು ಸಣ್ಣಗಾಗುತ್ತಿದ್ದರೂ ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು. ಸ್ಕರ್ಟು ಬಿಗಿಯಾದಾಗಲೆಲ್ಲ ಪರದೆಯ ಹಿಂದೆ ಕೂತು ಹೊಲಿಗೆ ಬಿಚ್ಚುತ್ತಿದ್ದಳು, ಸಡಿಲ ಮಾಡಿ ಉಟ್ಟುಕೊಂಡು ನಗುತ್ತಾ ಹೊರಗೆ ಬರುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಊರವರ ಸೊಂಟಕ್ಕೆಲ್ಲ ಟೇಪು ಸುತ್ತುವವಳು ತನ್ನ ಸೊಂಟಕ್ಕೆ ಒಂದು ದಿನವೂ ಸುತ್ತಲಿಲ್ಲ. ಬಟ್ಟೆ ಸರಿಯಾಗಿ ಕೂರುತ್ತಿತ್ತಲ್ಲ, ಇನ್ನೇಕೆ?

ನಾನು ಬಾಯಿ ಬಡಕೊಂಡು ಬೀದಿ ಕೊನೆಯ ಡಾಕ್ಟರ ಬಳಿ ಕಳಿಸಿದೆ. ಅವರು ಗ್ಯಾಸ್ ಅಂದರು, ಮಾತ್ರೆ ಕೊಟ್ಟರು. ಮತ್ತೆ ಕಳಿಸಿದೆ. ಬೇರೆ ಬಣ್ಣದ ಮಾತ್ರೆ ಕೊಟ್ಟು ಊಟವಾದ ಮೇಲೆ ನಡೆಯಲು ಹೇಳಿದರು. ಯಾರಾದರೂ ಒಬ್ಬರು ಆ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಬಾರದಿತ್ತೇ? ಮನೆಗಳಿಗೆ ಬಣ್ಣ ಬಳಿಯುವ ಭಾವನಿಗೆ ಹೇಳಿದರೆ, "ವಯಸ್ಸಾಯ್ತಲ್ಲಮ್ಮ, ಹೊಟ್ಟೆ ಬರದೆ ಇನ್ನೇನು ಬರುತ್ತೆ?" ಅಂತ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ದೊಡ್ಡಾಸ್ಪತ್ರೆಗೆ ಹೋಗೋಣ ಬಾ ಅಕ್ಕ," ಅಂದರೆ ಅವಳ ಉತ್ತರ ಸಿದ್ಧವಾಗಿತ್ತು. "ಹೋದ ವರ್ಷ ತಾನೆ ಗರ್ಭಕೋಶದ ಬಾಯಿ ಟೆಸ್ಟ್ ಮಾಡಿಸಿದ್ದು? ಏನೂ ಇಲ್ಲ ಅಂದ್ರಲ್ಲ. ಸುಮ್ನೆ ಗುಂಡಿ ಹಾಕು."

ಗೋಡೆಗೆ ಹೇಳಿದರೂ ಒಂದು ಸಲ ಪ್ರತಿಧ್ವನಿ ಬರುತ್ತದೆ. ಇವಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಒಂದು ಮಧ್ಯಾಹ್ನ ಪರದೆಯ ಹಿಂದಿನಿಂದ ಅವಳ ದನಿ ಬಂತು. "ಲೇ, ಒಳಗೆ ಬಿಟ್ಟಿದ್ದ ಬಟ್ಟೆ ಮುಗೀತು ಕಣೇ."

ನಾನು ಒಳಗೆ ಹೋಗಿ ಸ್ಕರ್ಟು ಕಿತ್ತುಕೊಂಡು ತಿರುಗಿಸಿ ನೋಡಿದೆ. ಬಿಚ್ಚಿದ ಹೊಲಿಗೆಗಳ ತೂತುಗಳು ಒಂದರ ಪಕ್ಕ ಒಂದು ಸಾಲಾಗಿ ಬಟ್ಟೆಯ ಅಂಚಿನವರೆಗೂ ಬಂದಿದ್ದವು. ಪಕ್ಕದಲ್ಲಿ ಒಳಲಂಗದಲ್ಲಿ ನಿಂತಿದ್ದ ಅಕ್ಕನ ಹೊಟ್ಟೆ ತುಂಬು ಬಸುರಿಯ ಹೊಟ್ಟೆಯ ಹಾಗೆ ಇತ್ತು. ನನ್ನ ಸ್ಕರ್ಟೊಂದನ್ನು, ಸೊಂಟದಲ್ಲಿ ಕೂಡದ ಕಡೆ ಪಿನ್ನು ಹಾಕಿ, ಅವಳಿಗೆ ಉಡಿಸಿದೆ. ಗಿರಾಕಿ ಒಬ್ಬಳು ಬಾಗಿಲಲ್ಲಿ ನಿಂತಿರುವಾಗಲೇ ಷಟರ್ ಎಳೆದು ಅಕ್ಕನನ್ನು ಆಟೋ ಹತ್ತಿಸಿದೆ.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಹುಡುಗಿ ಮೊದಲು ಹರಟುತ್ತಿದ್ದವಳು ಆಮೇಲೆ ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು. ರಕ್ತ ತೆಗೆದರು, ಮತ್ತೊಂದು ದೊಡ್ಡ ಸ್ಕ್ಯಾನ್ ಮಾಡಿದರು, ಹೊಟ್ಟೆಯಿಂದ ಸೂಜಿಯಲ್ಲಿ ನೀರು ಮತ್ತು ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸರ್ಜನ್ ಮೇಡಂ ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಅಂಡಾಶಯದ ಕ್ಯಾನ್ಸರ್. ಅಲ್ಲಿಂದ ಕಣಗಳು ಉದುರಿ ಹೊಟ್ಟೆಯ ಒಳಪೊರೆಗೆಲ್ಲ ಹರಡಿವೆ, ಅದಕ್ಕೇ ನೀರು ತುಂಬಿದೆ. ಮೂರನೆಯ ಹಂತ.

"ಹೋದ ವರ್ಷ ಟೆಸ್ಟ್ ಸರಿ ಇತ್ತಲ್ಲ ಮೇಡಂ?" ಅಂದಳು ಅಕ್ಕ.

"ಆ ಟೆಸ್ಟು ನೋಡೋದು ಗರ್ಭಕೋಶದ ಬಾಯನ್ನ ಮಾತ್ರ. ಅಂಡಾಶಯದ ವಿಷಯ ಅದಕ್ಕೆ ಗೊತ್ತಾಗಲ್ಲ. ತೊಂದರೆ ಇಲ್ದೇ ಇರೋವಾಗಲೇ ಇದನ್ನ ಹಿಡಿಯೋಕೆ ನಂಬಬಹುದಾದ ಟೆಸ್ಟ್ ಇನ್ನೂ ಇಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬೋದು, ಪದೇ ಪದೇ ಮೂತ್ರ. ಇವು ವಾರಗಟ್ಟಲೆ ಹೋಗದಿದ್ರೆ ಬರಬೇಕು. ಆದ್ರೆ ಎಲ್ರೂ ಗ್ಯಾಸ್ ಅಂದ್ಕೋತಾರೆ."

ಮೊದಲು ಕೀಮೋ, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್, ಆಮೇಲೆ ಮತ್ತೆ ಕೀಮೋ ಎಂದು ತೀರ್ಮಾನವಾಯಿತು. ನಮ್ಮ ಮಹಾರಾಯಗಿತ್ತಿ ಆಗ ಕೇಳಿದ್ದೇನು ಗೊತ್ತೇ? "ಮೇಡಂ, ಯೂನಿಫಾರಂ ಒಂದು ಮುಗಿಸ್ಕೊಂಡು ಬರ್ಲಾ?"

"ಮಷೀನು ಕಾಯುತ್ತೆ. ಇದು ಕಾಯಲ್ಲ," ಅಂದರು ಮೇಡಂ.

ಕೀಮೋ ಅವಳ ಕೂದಲು ತೆಗೆದುಕೊಂಡು ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಬೆರಳ ತುದಿಗಳಿಗೆ ಜೋಮು ಹಿಡಿಯಿತು, ಅದಕ್ಕೆ ಅತ್ತಳು. ಮನೆಗೇ ತರಿಸಿಕೊಂಡು ಹೊಲಿಯುವಾಗ ಸೂಜಿ ಚುಚ್ಚಿದ್ದೂ ತಿಳಿಯದೆ ಯಾರದೋ ಮಗುವಿನ ಬಿಳಿ ಕಾಲರಿಗೆ ರಕ್ತ ಹತ್ತಿತ್ತು. ಸೂಜಿ ಕಿತ್ತುಕೊಂಡು ನಾನೇ ಹೊಲಿದೆ, ಸೊಟ್ಟಗೆ. ನೋಡಲು ಬಂದವರೆಲ್ಲ "ಧೈರ್ಯ ತಗೊಳ್ಳಿ, ಧೈರ್ಯ ಇದ್ರೆ ಗುಣ ಆಗುತ್ತೆ" ಅಂತ ಉಪದೇಶ ಮಾಡಿ ಹೋದರು. ಗುಣವಾಗದಿದ್ದರೆ ತಪ್ಪು ಅಕ್ಕನದೇ ಅನ್ನುವ ಹಾಗೆ! ಭಾವ ಮಾತ್ರ ಬಣ್ಣ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ವಾರ್ಡಿನ ಹೊರಗೆ ಕೂತಿರುತ್ತಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆಪರೇಷನ್ನಿನಲ್ಲಿ ಗರ್ಭಕೋಶ, ಎರಡೂ ಅಂಡಾಶಯ, ಹೊಟ್ಟೆಯೊಳಗಿನ ಕೊಬ್ಬಿನ ಪದರ ಎಲ್ಲ ತೆಗೆದರು. ಕಣ್ಣಿಗೆ ಕಾಣುವ ಗಡ್ಡೆ ಏನೂ ಉಳಿದಿಲ್ಲ ಎಂದ ಮೇಡಂ, ನಾನು ಉಸಿರು ಬಿಡುವ ಮೊದಲೇ ಸೇರಿಸಿದರು, "ಇದು ಮತ್ತೆ ಬರೋ ಸಾಧ್ಯತೆ ಇದೆ, ಜಾಸ್ತಿನೇ ಇದೆ. ಚೆಕಪ್ ತಪ್ಪಿಸಬೇಡಿ. ಹೊಟ್ಟೆ ಉಬ್ಬಿದ್ರೆ ಚೆಕಪ್ಪಿಗೂ ಕಾಯಬೇಡಿ."

ಇಷ್ಟೆಲ್ಲ ಅನುಭವಿಸಿದ ಮೇಲೂ ಮತ್ತೆ ಬರಬಹುದಂತೆ! ಯಾರ ಮೇಲೆ ರೇಗಲಿ? ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಕ್ಕ ಮಾತ್ರ "ಸುಳ್ಳು ಹೇಳದ ಡಾಕ್ಟ್ರು ಸಿಕ್ಕಿದ್ರಲ್ಲ, ಬಿಡು," ಅಂದಳು.

ಅವಳ ರಕ್ತದಲ್ಲಿ ಜೀನು ಪರೀಕ್ಷೆಯನ್ನೂ ಮಾಡಿದ್ದರು. ಹುಟ್ಟಿನಿಂದಲೇ ಬಂದ ದೋಷವೊಂದು ಸಿಕ್ಕಿತು. ಅಮ್ಮ ಹೊಟ್ಟೆಯಲ್ಲಿ ನೀರು ತುಂಬಿ ಸತ್ತದ್ದು ನಮಗೆ ಆಗ ನೆನಪಾಯಿತು. ಒಡಹುಟ್ಟಿದವಳಾದ ನನಗೂ ಆ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಗೊತ್ತಾದರೆ ಮೊದಲೇ ಏನಾದರೂ ಮಾಡಬಹುದು, ಪರೀಕ್ಷೆಗೆ ಬನ್ನಿ ಅಂದರು ಮೇಡಂ. ಆಗಲಿ ಅಂದೆ. ಹೋಗಲಿಲ್ಲ. ಅಂಗಡಿ ಯಾರು ನೋಡಿಕೊಳ್ಳುತ್ತಾರೆ?

ಕೀಮೋ ಮುಗಿದು, ತಲೆಯ ಮೇಲೆ ಗುಂಗುರು ಕೂದಲು ಚಿಗುರಿದ ಮೇಲೆ ಅಕ್ಕ ಅಂಗಡಿಗೆ ಬಂದಳು. ಅಷ್ಟರಲ್ಲಿ ಮೇಜಿನ ಮೇಲೆ ಮುಂದಿನ ವರ್ಷದ ಯೂನಿಫಾರಂ ರಾಶಿ ಬಿದ್ದಿತ್ತು. ನನಗೆ ಮುಟ್ಟಗೊಡದೆ ಬೆಳಗಿನಿಂದ ನಿಧಾನವಾಗಿ ಒಂದು ಸ್ಕರ್ಟು ಹೊಲಿದಳು. ಇಸ್ತ್ರಿ ಮಾಡಲು ತಿರುಗಿಸಿದಾಗ ನೋಡಿದೆ. ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟೂ ಹೆಚ್ಚಿಗೆ ಬಟ್ಟೆ ಇರಲಿಲ್ಲ.

"ಏನಕ್ಕ ಇದು, ಕತ್ತರಿಸೋವಾಗ ಕೈ ತಪ್ತಾ?"

"ಇಲ್ಲ. ಬೇಕಂತಲೇ ಬಿಟ್ಟಿಲ್ಲ. ಮತ್ತೆ ಬಂದ್ರೆ ಮೊದಲ ದಿನವೇ ಬಿಗೀಬೇಕು."

ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. "ಕಾಯಿಲೆಗೆ ಅಳತೆ ಕೊಟ್ಟು ಕೂತಿದ್ದೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ?"

ಅವಳು ಮೇಜಿನ ಕೆಳಗಿನಿಂದ ಇನ್ನೊಂದು ಸ್ಕರ್ಟು ತೆಗೆದು ನನ್ನ ಮಡಿಲಿಗೆ ಎಸೆದಳು. ಅದರ ಒಳಗೂ ಬಟ್ಟೆ ಇರಲಿಲ್ಲ. ಅಳತೆ ನನ್ನದು.

"ಪರೀಕ್ಷೆಗೆ ಯಾವಾಗ ಹೋಗ್ತೀಯ?" ಅಂದಳು.

"ಹೋಗ್ತೀನಕ್ಕ. ಈ ಯೂನಿಫಾರಂ ಒಂದು ಮುಗೀಲಿ..."

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೆ ಕೇಳಿಸಿತು. ಅಕ್ಕ ನನ್ನ ಮುಖವನ್ನೇ ನೋಡಿದಳು. ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟಳು, ಜೋಮು ಹಿಡಿದ ಬೆರಳುಗಳಲ್ಲೇ ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದಳು, ಷಟರ್ ಎಳೆದಳು.