ಖಾಲಿ ಚಂದ್ರಿಕೆಯ ಹುಳಗಳು

ಗೆಳೆಯರೇ, ಇವತ್ತು ಇಲ್ಲದ ರೇಷ್ಮೆಹುಳಗಳನ್ನು ಕೊಲ್ಲಲು ಹೋಗಿ ಬೈಸಿಕೊಂಡು ಬಂದೆ.

ಚಾಮರಾಜನಗರದ ವಸ್ತುಸಂಗ್ರಹಾಲಯದಲ್ಲಿ ಐವತ್ತರ ದಶಕದ ಒಂದು ಚಂದ್ರಿಕೆ ಇದೆ. ಹುಳ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ದೊಡ್ಡ ತಟ್ಟಿ. ಅದನ್ನಿಟ್ಟುಕೊಂಡು ಹೊಸ ತೈಲಚಿತ್ರ ಬರೆಯೋಣವೆಂದು ಕೂತು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದೆನಷ್ಟೇ. ಚಂದಕವಾಡಿಯಿಂದ ಬಂದಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ಗದರಿದರು.

"ಆ ಗಬ್ಬು ವಾಸ್ನೆನ ಆಚ್ಗೆ ತಕ್ಕೊಂಡೋಗವ್ವ! ಉಳ ಸತ್ತೋಯ್ತವೆ!"

"ಅಜ್ಜಿ, ಇದರಲ್ಲಿ ಹುಳ ಎಲ್ಲಿದೆ?"

"ಇಲ್ದಿದ್ರೇನು? ಚಂದ್ರಿಕೆ ಚಂದ್ರಿಕೆನೇ ಕಣವ್ವ."

ಆಮೇಲೆ ನನ್ನ ಪಕ್ಕದಲ್ಲೇ ಕೂತರು.

"ನಾನಾಗ ಎಂಟೊರ್ಸದೋಳು. ಉಳವ ಚಂದ್ರಿಕೆಗೆ ಬುಟ್ಮೇಲೆ ಮೂರ್ ದಿನ ಮನೇಲಿ ಒಗ್ಗರಣೆ ಇಲ್ಲ, ಬರೀ ಉಪ್ಸಾರು. ಒಂದಿನ ಬಾಯಿ ಚಪಲಕ್ಕೆ ಬೆಳ್ಳುಳ್ಳಿ ಒಗ್ಗರಣೆ ಆಕ್ಬುಟ್ಟೆ. ನಮ್ಮವ್ವ ಒಡೀನಿಲ್ಲ ಕಣವ್ವ. ಬಾಗ್ಲಲ್ಲಿ ನಿಂತ್ಕಂಡು ಸಂಜೆಗಂಟ ಮೊರದಲ್ಲಿ ಗಾಳಿ ಬೀಸ್ತಾನೇ ಇದ್ಲು."

"ಹುಳ?"

"ಎಲ್ಲಾ ಗೂಡು ಕಟ್ಟಿದ್ವು. ಅವ್ವಂಗೇ ಕೈ ಎತ್ತಕ್ಕಾಗ್ದೆ, ನನ್ ಕೈಲಿ ತುತ್ತು ತಿನ್ನಿಸ್ಕಂಡ್ಲು."

ನಾನು ಬಾಟಲಿ ಮುಚ್ಚಿ ಪೆನ್ಸಿಲ್ ತೆಗೆದೆ. ಚಂದ್ರಿಕೆಯ ತುಂಬ ಹುಳ ಬರೆದೆ, ಬಾಗಿಲಲ್ಲಿ ಮೊರ ಹಿಡಿದ ತಾಯಿಯನ್ನು ಬರೆದೆ. ಅಜ್ಜಿ ಪೆನ್ಸಿಲ್ಲನ್ನೂ ಮೂಸಿ ನೋಡಿ, "ಇದಾಯ್ತದೆ, ಬರ್ಕೋ" ಎಂದರು. ಚಿತ್ರದ ತಾಯಿಯ ಮೇಲೆ ಬೆರಳಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

ಸಂಜೆ ಮನೆಗೆ ಬಂದರೆ ಗಂಡ ಸಾರಿನ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದರು. ಓಡಿಹೋಗಿ ಒಲೆ ಆರಿಸಿದೆ. ನನ್ನ ಚಿತ್ರದ ಹುಳಗಳು ಗೂಡು ಕಟ್ಟುವುದಕ್ಕೆ ಇನ್ನೂ ಮೂರು ದಿನ ಬೇಕು. ಅಲ್ಲಿಯವರೆಗೆ ನಮ್ಮ ಮನೆಯಲ್ಲೂ ಉಪ್ಸಾರೇ.